ಕೆಂಚಿಯ ಚಿತ್ರ

ಈ ಸಲದ ಭಿತ್ತಿಪತ್ರಿಕೆಗೆ ನಾನು ಬರೀ ಚಿತ್ರ ಕೊಡ್ತೀನಿ ಅಂದಿದ್ದೆ. ಆದರೆ ಕನ್ನಡ ಮೇಷ್ಟ್ರು, "ಸುಮ್ಮನೆ ಒಂದು ಬೆಕ್ಕು ಅಂಟಿಸಿದರೆ ಯಾರ ಬೆಕ್ಕು, ಏನು ಕಥೆ ಅಂತ ಹೇಗೆ ಗೊತ್ತಾಗಬೇಕು? ಜೊತೆಗೆ ಎರಡು ಮಾತು ಬರಿ" ಎಂದರು. ಎರಡು ಮಾತು ಅಂತ ಶುರು ಮಾಡಿದ್ದು ಎರಡು ಹಾಳೆ ಆಗಿದೆ. ಕ್ಷಮಿಸಬೇಕು.

ಕೆಂಚಿ ನಮ್ಮ ಮನೆಯ ಬೆಕ್ಕು. ಕೆಂಪಗೆ, ಮೈತುಂಬ ಪಟ್ಟೆ, ಎಡಗಿವಿ ಸ್ವಲ್ಪ ಹರಿದಿದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಳೆಯಲ್ಲಿ ನೆಂದು ಕೊಟ್ಟಿಗೆಗೆ ಬಂದದ್ದು, ಆಮೇಲೆ ಹೋಗಲೇ ಇಲ್ಲ. ಅದು ಬಂದ ಮೇಲೆ ನಮ್ಮ ರಾಗಿ ಮೂಟೆಗಳಿಗೆ ಇಲಿ ಕಾಟ ತಪ್ಪಿತ್ತು. ಆಗ ಎಲ್ಲರೂ ಅದನ್ನು ಮನೆಯ ಲಕ್ಷ್ಮಿ ಅಂತಿದ್ದರು.

ಹೋದ ತಿಂಗಳು ಅಜ್ಜಿಯ ಕೋಳಿ ಒಂಬತ್ತು ಮರಿ ಮಾಡಿತು. ಅಜ್ಜಿಗೆ ಕೈಖರ್ಚಿಗೆ ಅಂತ ಇರೋದೇ ಆ ಕೋಳಿ. ಕೆಂಚಿ ಒಂದು ವಾರದಲ್ಲಿ ಮೂರು ಮರಿ ಹಿಡಿದು ತಿಂದಿತು. ಸುಳ್ಳು ಹೇಳಲ್ಲ, ಮೂರನೆಯದನ್ನು ನಾನೇ ಅದರ ಬಾಯಲ್ಲಿ ನೋಡಿದೆ. ಕೂಗಿದೆ, ಅದು ಬಿಡಲಿಲ್ಲ. ಅಂದು ಸಂಜೆ ಅಪ್ಪ ಅದನ್ನು ಗೋಣಿಚೀಲಕ್ಕೆ ಹಾಕಿ, ಸೈಕಲ್ ಮೇಲೆ ಇಟ್ಟುಕೊಂಡು ಹೋಗಿ ಎಲ್ಲೋ ಬಿಟ್ಟು ಬಂದರು. ಚೀಲದಲ್ಲಿ ಹಾಕಿಕೊಂಡು ಹೋದರೆ ಬೆಕ್ಕಿಗೆ ವಾಪಸ್ ಬರೋ ದಾರಿ ತಿಳಿಯೋಲ್ಲವಂತೆ. ನಾನು ಅತ್ತೆ, ಊಟ ಬಿಟ್ಟೆ. ಅವ್ವ, "ಕಳ್ಳ ಬೆಕ್ಕಿಗೆ ಯಾಕೆ ಅಳ್ತೀಯೇ" ಅಂದಳು.

ಕೆಂಚಿಯ ಫೋಟೋ ನಮ್ಮಲ್ಲಿ ಇಲ್ಲ. ಅದಕ್ಕೇ ನೆನಪಿನಿಂದ ಚಿತ್ರ ಬರೆಯಲು ಕೂತೆ. ಅಯ್ಯೋ, ಬೆಕ್ಕು ಬರೆಯುವಷ್ಟು ಕಷ್ಟ ಬೇರೊಂದಿಲ್ಲ! ಹಸು ಬರೆಯಬಹುದು, ಆನೆ ಇನ್ನೂ ಸುಲಭ. ಬೆಕ್ಕಿಗೆ ಮೂಳೆಯೇ ಇಲ್ಲವೇನೋ ಅನ್ನಿಸುತ್ತೆ. ಮೂರು ಹಾಳೆ ಹಾಳು ಮಾಡಿದ ಮೇಲೆ ಅಜ್ಜಿ ಬಂದು ನೋಡಿ, "ಏನೇ ಇದು, ನರಿನಾ?" ಅಂತ ಕೇಳಿತು.

ಡ್ರಾಯಿಂಗ್ ಮೇಷ್ಟ್ರ ಹತ್ತಿರ ಹೋದೆ. ಅವರು ತಮ್ಮ ದಪ್ಪ ಚಿತ್ರದ ಪುಸ್ತಕ ತೆಗೆದು ಮೊದಲು ಲಿಯೊನಾರ್ಡೊ ಡ ವಿಂಚಿಯ ಒಂದು ಹಾಳೆ ತೋರಿಸಿದರು. ಸುಮಾರು 1517-18ರಲ್ಲಿ ಬರೆದದ್ದು. ಒಂದೇ ಹಾಳೆಯ ತುಂಬ ಬೆಕ್ಕುಗಳು: ಮಲಗಿದ್ದು, ಮೈ ನೆಕ್ಕಿಕೊಳ್ಳುತ್ತಿರೋದು, ಎರಡು ಸೇರಿ ಕಚ್ಚಾಡುತ್ತಿರೋದು. ಅವುಗಳ ಮಧ್ಯೆ ಒಂದು ಪುಟ್ಟ ಡ್ರ್ಯಾಗನ್ ಕೂಡ ಇದೆ! ಅಷ್ಟು ದೊಡ್ಡ ಕಲಾವಿದರ ಬೆಕ್ಕುಗಳ ನಡುವೆ ಡ್ರ್ಯಾಗನ್ ಇರುವಾಗ ನನ್ನದು ನರಿಯಾದರೆ ಏನಂತೆ ಅಂತ ಸಮಾಧಾನವಾಯಿತು.

ಆದರೆ ನನ್ನ ಮನಸ್ಸು ನಿಂತದ್ದು ಮುಂದಿನ ಚಿತ್ರದ ಮೇಲೆ. ಅದು ಕೋಲ್ಕತ್ತದ ಕಾಳಿಘಾಟ್ ಚಿತ್ರ. ಅಲ್ಲಿ ಕಾಳಿ ಗುಡಿಯ ಸುತ್ತಮುತ್ತ 19ನೇ ಶತಮಾನದಲ್ಲಿ ಪಟುವಾ ಎಂಬ ಚಿತ್ರಗಾರರು ನೆಲೆಸಿದ್ದರು. ಮೂಲದಲ್ಲಿ ಅವರೂ ನಮ್ಮ ಹಾಗೆ ಹಳ್ಳಿಯವರೇ. ಊರಲ್ಲಿದ್ದಾಗ ಉದ್ದುದ್ದ ಸುರುಳಿಯ ಮೇಲೆ ಚಿತ್ರ ಬರೆದು, ಅದನ್ನು ಬಿಚ್ಚುತ್ತಾ ಹಾಡಿ ಕಥೆ ಹೇಳುತ್ತಿದ್ದರು. ಪಟ್ಟಣಕ್ಕೆ ಬಂದ ಮೇಲೆ, ಯಾತ್ರೆಗೆ ಬಂದವರಿಗೆ ಅಷ್ಟು ಹೊತ್ತು ನಿಲ್ಲೋ ಪುರುಸೊತ್ತೆಲ್ಲಿ? ಅದಕ್ಕೆ ಗಿರಣಿಯ ಅಗ್ಗದ ಕಾಗದದಲ್ಲಿ ಹಾಳೆಗೊಂದು ಚಿತ್ರ ಬರೆದು ಕಡಿಮೆ ದುಡ್ಡಿಗೆ ಮಾರತೊಡಗಿದರು. ಮನೆಮಂದಿಯೆಲ್ಲ ಸೇರಿ ಮಾಡುತ್ತಿದ್ದ ಕೆಲಸ ಅದು. ಕುಂಚ ಒಂದೇ ಸಲ ಸುಯ್ಯಂತ ಎಳೆದರೆ ಬೆಕ್ಕಿನ ಬೆನ್ನು ಬಂದುಬಿಟ್ಟಿದೆ, ತಿದ್ದಿದ ಗುರುತೇ ಇಲ್ಲ. ನಾನು ರಬ್ಬರು ಹಾಕಿ ಹಾಕಿ ಕಾಗದ ತೂತು ಮಾಡಿದ್ದೆ!

ಆ ಬೆಕ್ಕಿನ ಬಾಯಲ್ಲಿ ಒಂದು ಸಿಗಡಿ ಇದೆ. ಹಣೆಯ ಮೇಲೆ ನಾಮ! ಹೊರಗೆ ನಾಮ ಹಾಕಿಕೊಂಡು, ನಾನು ಮೀನು ಮುಟ್ಟೋಲ್ಲ ಎಂದು ಹೇಳಿಕೊಂಡು, ಒಳಗೆ ಕದ್ದು ತಿನ್ನುವ ಡಾಂಭಿಕರನ್ನು ಹಾಗೆ ಹಾಸ್ಯ ಮಾಡುತ್ತಿದ್ದರಂತೆ. ನಮ್ಮಲ್ಲೂ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಗಾದೆ ಇದೆಯಲ್ಲ, ಅದೇ ಬೆಕ್ಕು. (ತಮಿಳುನಾಡಿನ ಮಹಾಬಲಿಪುರದಲ್ಲಿ 7ನೇ ಶತಮಾನದ ದೊಡ್ಡ ಬಂಡೆಯ ಮೇಲೆ, ಕೈ ಎತ್ತಿ ತಪಸ್ಸಿಗೆ ನಿಂತ ಬೆಕ್ಕು, ಅದರ ಹತ್ತಿರವೇ ಇಲಿಗಳು ಇವೆ. ಅದು ಶಿಲ್ಪ, ಚಿತ್ರವಲ್ಲ. ಆದರೂ ಹೇಳದೆ ಇರೋಕೆ ಆಗಲಿಲ್ಲ.) ಆಮೇಲೆ 20ನೇ ಶತಮಾನದಲ್ಲಿ ಅಚ್ಚಿನ ಅಗ್ಗದ ಚಿತ್ರಗಳು ಬಂದು ಪಟುವಾಗಳ ಕಸುಬು ನಿಂತಿತು. ಜಾಮಿನಿ ರಾಯ್ (1887-1972) ಎಂಬ ಪ್ರಸಿದ್ಧ ಚಿತ್ರಕಾರರು ಇಂಥ ಪಟಗಳಿಂದ ಕಲಿತು ತಾವೂ ಬೆಕ್ಕುಗಳನ್ನು ಬರೆದರು.

ನಾನು ಮೊದಲು ನಕ್ಕೆ. ಆಮೇಲೆ ನಗು ನಿಂತಿತು. ಬೆಕ್ಕು ಯಾವತ್ತಾದರೂ ತಾನು ಮೀನು ತಿನ್ನೋಲ್ಲ ಅಂತ ಹೇಳಿತ್ತೇ? ನಾಮ ಹಾಕಿದ್ದು ಚಿತ್ರಗಾರ. ತಪ್ಪು ಮಾಡಿದ್ದು ಮನುಷ್ಯರು, ಮುಖ ಮಾತ್ರ ಬೆಕ್ಕಿನದು. ನಮ್ಮ ಕೆಂಚಿಯೂ ಕೋಳಿಮರಿ ಮುಟ್ಟೋಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿರಲಿಲ್ಲ. ಮೇಷ್ಟ್ರಿಗೆ ಹೀಗಂತ ಹೇಳಿದೆ. ಅವರು ಏನೂ ಮಾತಾಡದೆ ಪುಸ್ತಕದ ಮೊದಲ ಪುಟಗಳಿಗೆ ತಿರುಗಿಸಿ, "ಇದನ್ನು ನೋಡು" ಎಂದರು.

ಅದು ಈಜಿಪ್ಟಿನ ಚಿತ್ರ. ಕ್ರಿಸ್ತ ಪೂರ್ವ ಸುಮಾರು 1350ರದು. ಥೀಬ್ಸ್ ಎಂಬಲ್ಲಿ ನೆಬಾಮುನ್ ಎಂಬುವನ ಸಮಾಧಿಯ ಗೋಡೆಯ ಮೇಲೆ ಬರೆದದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನೆಬಾಮುನ್ ಹೆಂಡತಿ ಮಗಳ ಜೊತೆ ಪುಟ್ಟ ದೋಣಿಯಲ್ಲಿ ಜೌಗಿನ ಹಕ್ಕಿ ಬೇಟೆಗೆ ಹೋಗಿದ್ದಾನೆ. ಅವನ ಮುಂದೆ, ಜೊಂಡಿನ ಮೇಲೆ, ಒಂದು ಬೆಕ್ಕು. ಕಂದು ಮೈ, ಪಟ್ಟೆ ಪಟ್ಟೆ, ಥೇಟ್ ಕೆಂಚಿ! ಬಾಯಲ್ಲೊಂದು ಹಕ್ಕಿ, ಉಗುರಲ್ಲಿ ಎರಡು, ಒಟ್ಟು ಮೂರು. ಆದರೆ ಅದಕ್ಕೆ ಯಾರೂ ನಾಮ ಹಾಕಿಲ್ಲ, ಚೀಲಕ್ಕೂ ಹಾಕಿಲ್ಲ. ಚಿತ್ರಗಾರ ಅದರ ಕಣ್ಣಿಗೆ ಚಿನ್ನದ ಹಾಳೆ ಅಂಟಿಸಿದ್ದಾನೆ. ಹಕ್ಕಿ ಹಿಡಿದ ಬೆಕ್ಕಿಗೆ ಚಿನ್ನದ ಕಣ್ಣು! ಆ ನೆಬಾಮುನ್ ಏನು ಕೆಲಸದವನು ಗೊತ್ತೇ? ದೇವಾಲಯದ ಧಾನ್ಯದ ಲೆಕ್ಕ ಬರೆಯುವವನು. ಧಾನ್ಯ ಇಟ್ಟವರಿಗೇ ಬೆಕ್ಕಿನ ಬೆಲೆ ಗೊತ್ತು ಅಂತ ನನಗೆ ಅನ್ನಿಸಿತು. ಕೆಂಚಿ ಹೋದ ಹದಿನೈದು ದಿನಕ್ಕೆ ನಮ್ಮ ಎರಡು ರಾಗಿ ಮೂಟೆ ಇಲಿ ಕಡಿದು ಹಾಕಿವೆ.

ಮನೆಗೆ ಬಂದು ಮತ್ತೆ ಬರೆಯಲು ಕೂತೆ. ಮುದ್ದಾಗಿ ಮಲಗಿದ ಹಾಗೆ ಬರೆಯಬಹುದಿತ್ತು. ಬೇಡ ಅನ್ನಿಸಿತು. ಬಾಯಲ್ಲಿ ಕೋಳಿಮರಿ ಇಟ್ಟೇ ಬರೆದೆ. ಚಿನ್ನ ಎಲ್ಲಿಂದ ತರಲಿ, ಕಣ್ಣಿಗೆ ಅರಿಶಿನ ಕಲಸಿ ಹಚ್ಚಿದೆ. ಅಜ್ಜಿ ಬಹಳ ಹೊತ್ತು ನೋಡಿತು. ಬೈಯುತ್ತೆ ಅಂದುಕೊಂಡೆ. "ಆ ಮರಿ ಇಷ್ಟು ದಪ್ಪ ಇರಲಿಲ್ಲ ಕಣೇ" ಅಂದು ಎದ್ದು ಹೋಯಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳದೇನೇ ಹೇಳಿದರು, "ಹಳ್ಳದಾಚೆ ಮಾವಿನತೋಪಿನ ಹತ್ತಿರ ಬಿಟ್ಟೆ."

ನಾನು ಎರಡು ಸಲ ಹೋಗಿ ಕೂಗಿ ಬಂದೆ, ಸಿಗಲಿಲ್ಲ. ಅದಕ್ಕೇ ಈ ಚಿತ್ರವನ್ನು ಇಲ್ಲಿ ಅಂಟಿಸಿದ್ದೇನೆ. ಹಳ್ಳದಾಚೆಯಿಂದ ಶಾಲೆಗೆ ಬರುವವರು ದಯವಿಟ್ಟು ಸರಿಯಾಗಿ ನೋಡಿಕೊಳ್ಳಿ. ಕೆಂಪು ಬೆಕ್ಕು, ಪಟ್ಟೆ ಇದೆ, ಎಡಗಿವಿ ಹರಿದಿದೆ. ಕೆಂಚಿ ಅಂತ ಕೂಗಿದರೆ ತಿರುಗಿ ನೋಡುತ್ತೆ, ಆದರೆ ಬರಲ್ಲ. ಕಂಡರೆ ಒಂಬತ್ತನೇ ತರಗತಿಗೆ ಬಂದು ನನಗೆ ಹೇಳಿ. ನಿಮ್ಮ ಮನೆ ಕೋಳಿಮರಿ ಏನಾದರೂ ಹಿಡಿದಿದ್ದರೆ ಅದನ್ನೂ ಹೇಳಿ. ಆರು ಮರಿ ಉಳಿದಿವೆ, ಅಜ್ಜಿಯನ್ನು ಕೇಳಿ ನೋಡ್ತೀನಿ.