ಹಿಮದ ಘಟ್ಟಕ್ಕೊಂದು ಮನೆಗಾಡಿ

ಜಪಾನಿನ ಹೊನ್‌ಶು ದ್ವೀಪದ ಉತ್ತರ ಸೀಮೆಗೆ ತೋಹೋಕು ಎಂದು ಹೆಸರು. ಅದರ ನಡುವೆ ಓಉ ಪರ್ವತಶ್ರೇಣಿ ಬೆನ್ನೆಲುಬಿನಂತೆ ಹಬ್ಬಿದೆ. ಸಹ್ಯಾದ್ರಿಯನ್ನು ಬಲ್ಲ ನಮಗೆ ಅಲ್ಲಿಯ ಹವೆ ತಿಳಿಯುವುದು ಸುಲಭ. ಅರಬ್ಬಿ ಸಮುದ್ರದ ಮೋಡ ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗ ಮುಟ್ಟುವ ಹೊತ್ತಿಗೆ ಬರಿದಾಗುವುದಿಲ್ಲವೆ? ಅಲ್ಲಿಯೂ ಹಾಗೆಯೇ, ಚಳಿಗಾಲದಲ್ಲಿ ಮಳೆಗೆ ಬದಲು ಹಿಮ. ಸೈಬೀರಿಯದ ಗಾಳಿ ಜಪಾನ್ ಸಮುದ್ರದ ತೇವವನ್ನು ಹೀರಿ ತಂದು, ಬೆಟ್ಟದ ಪಶ್ಚಿಮ ಮಗ್ಗುಲಲ್ಲಿ ರಾಶಿರಾಶಿಯಾಗಿ ಸುರಿಯುತ್ತದೆ. ಪೂರ್ವದ ಸೆಂಡಾಯ್ ನಗರಕ್ಕೆ ಬೀಳುವುದು ಸ್ವಲ್ಪವೇ.

ಆದುದರಿಂದ ಸೆಂಡಾಯ್ ಬಿಟ್ಟು ಯಮಗಾತಾ ಕಡೆಗೆ ಹೊರಟವರಿಗೆ ಒಂದೇ ಪ್ರಯಾಣದಲ್ಲಿ ಎರಡು ರಸ್ತೆಗಳು: ಊರೊಳಗೆ ಒಣ ಡಾಂಬರು, ಘಟ್ಟದ ಮೇಲೆ ಜಾರುವ ಹಿಮ. ಝಾವೋ ಬೆಟ್ಟದಲ್ಲಿ ಹಿಮ ಮೆತ್ತಿದ ಮರಗಳು ಭೂತಗಳಂತೆ ನಿಂತಿರುತ್ತವೆ. ಪ್ರವಾಸಿಗರಿಗೆ ಅದು ನೋಟ. ಬೆಟ್ಟದ ವಿದ್ಯುತ್ ತಂತಿಗಳನ್ನು ಕಾಯುವವರಿಗೆ ಪರೀಕ್ಷೆ.

1970ರ ಆಸುಪಾಸಿನಲ್ಲಿ ತೋಹೋಕು ವಿದ್ಯುತ್ ಕಂಪೆನಿಯ ನೌಕರರು ದುರಸ್ತಿಗೆ ಹೋಗುತ್ತಿದ್ದುದು ಜೀಪುಗಳಲ್ಲಿ. ಜೀಪು ಹಿಮವನ್ನು ಗೆಲ್ಲುತ್ತಿತ್ತು, ಒಳಗೆ ಕುಳಿತವರನ್ನು ಮಾತ್ರ ಚಳಿಗೆ ಒಪ್ಪಿಸುತ್ತಿತ್ತು. ಜೀಪಿನಂತೆ ಹತ್ತುವ, ಮನೆಯ ಮೋಟಾರಿನಂತೆ ಬೆಚ್ಚಗಿರುವ ಗಾಡಿ ಬೇಕೆಂದು ಕಂಪೆನಿ ಕೇಳಿತು. ಸೆಂಡಾಯ್ ಇರುವ ಮಿಯಾಗಿ ಪ್ರಾಂತದ ಸುಬಾರು ಮಾರಾಟಗಾರರು ಮುಂದಿನ ಚಕ್ರಗಳಿಂದ ಓಡುವ ಒಂದು ವ್ಯಾನಿಗೆ ಹಿಂದಿನ ಚಕ್ರಗಳನ್ನೂ ಜೋಡಿಸಿ ತೋರಿಸಿದರು. ಎಂಜಿನ್ನಿನ ಹಿಂದೆ ಗೇರುಪೆಟ್ಟಿಗೆ ನೇರವಾಗಿ ಚಾಚಿಕೊಂಡಿದ್ದುದರಿಂದ, ಅಲ್ಲಿಂದ ಹಿಂದಕ್ಕೆ ಒಂದು ದಂಡವನ್ನು ಒಯ್ಯುವುದು ಸಾಧ್ಯವಾಯಿತು. ತಯಾರಕರು ಅದನ್ನು ತಿದ್ದಿ, 1972ರ ಸೆಪ್ಟೆಂಬರಿನಲ್ಲಿ ಲಿಯೋನ್ ಎಂಬ ಗಾಡಿಯಾಗಿ ಮಾರುಕಟ್ಟೆಗೆ ತಂದರು. ಸುಬಾರು ಎಂದರೆ ನಮ್ಮ ಕೃತ್ತಿಕಾ ನಕ್ಷತ್ರಗಳಿಗೆ ಜಪಾನೀಯರ ಹೆಸರು.

ಇದರಲ್ಲಿ ನಾಲ್ಕು ಚಕ್ರಗಳಿಗೂ ಸದಾ ಬಲ ಹರಿಯುತ್ತಿರಲಿಲ್ಲ. ನಿತ್ಯದ ಓಡಾಟಕ್ಕೆ ಮುಂದಿನ ಎರಡೇ ಸಾಕು. ಹಿಮ ಬಂದಾಗ ಲಿವರ್ ಎಳೆದರೆ ಹಿಂದಿನ ಎರಡೂ ಕೂಡಿಕೊಳ್ಳುತ್ತಿದ್ದವು. ಇದಕ್ಕೆ ಕಾರಣವುಂಟು. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಎರಡನ್ನೂ ಬಿಗಿಯಾಗಿ ಕಟ್ಟಿದಾಗ, ಹಿಮದಲ್ಲಾದರೆ ಚಕ್ರ ಕೊಂಚ ಜಾರಿ ಅಂತರವನ್ನು ಸರಿದೂಗಿಸುತ್ತದೆ. ಒಣ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಗಾಡಿ ಮುಗ್ಗರಿಸುತ್ತದೆ, ಟೈರು ಸವೆಯುತ್ತದೆ. ಘಟ್ಟ ಇಳಿದೊಡನೆ ಲಿವರನ್ನು ಬಿಡಲೇಬೇಕು. ಮಳೆ ನಿಂತ ಮೇಲೆ ನಾವು ಕೊಡೆ ಮಡಚಿ ಚೀಲದಲ್ಲಿಟ್ಟು ಕಛೇರಿಗೆ ನಡೆಯುವುದಿಲ್ಲವೆ, ಹಾಗೆ.

ಈ ಉಪಾಯ ಬೇರೆಡೆಗೂ ಹಬ್ಬಿತು. 1982ರಲ್ಲಿ ಟೊಯೋಟಾದವರ ಟರ್ಸೆಲ್ ವ್ಯಾಗನ್, 1983ರಲ್ಲಿ ಇಟಲಿಯ ಪುಟ್ಟ ಫಿಯಟ್ ಪಾಂಡಾ ಇದೇ ದಾರಿ ಹಿಡಿದವು. ಮಕ್ಕಳನ್ನು ಶಾಲೆಗೆ ಬಿಟ್ಟು ಸಂತೆಗೆ ಹೋಗುವ ಗಾಡಿಯೇ ಹಿಮ ಬಿದ್ದ ದಿನವೂ ಮನೆಗೆ ಮುಟ್ಟಿಸುವುದು ಬೆಟ್ಟದೂರಿನ ಸಂಸಾರಕ್ಕೆ ಸಣ್ಣ ಮಾತಲ್ಲ. ಮುಂದೆ ತಾನಾಗಿಯೇ ಬಲ ಹಂಚುವ ಯಂತ್ರಗಳು ಬಂದು, ಮನೆಗಾಡಿಗಳಿಂದ ಆ ಲಿವರ್ ಮರೆಯಾಯಿತು.

ಕಡತಗಳ ನಡುವೆ ದಿನ ಕಳೆಯುವ ನನಗೆ ಈ ಗಾಡಿಯ ಚಾತುರ್ಯಕ್ಕಿಂತ ಅದರ ಹುಟ್ಟೇ ಹೆಚ್ಚು ಮೆಚ್ಚಿಗೆ. ಕಂಬ ಹತ್ತುವವರ ಚಳಿಯನ್ನು ಮೇಜಿನ ಹಿಂದೆ ಕುಳಿತವರು ಕಿವಿಗೊಟ್ಟು ಕೇಳಿದರು. ಅದರ ಫಲ ಎಷ್ಟೋ ದೇಶಗಳ ಬೆಟ್ಟದ ಮನೆಗಳಿಗೆ ದೊರೆಯಿತು.