ಒಂದೇ ಟೆಸ್ಟು, ಎರಡು ಉತ್ತರ

ಹೈದರಾಬಾದಿನ ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಆಫೀಸು, ರಾತ್ರಿ ಪಾಳಿ. ರಾಯಚೂರಿನ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಪಾಸಾದ ಟೆಸ್ಟು ಸರ್ವರಿನಲ್ಲಿ ಫೇಲು. "ನನ್ ಮಷೀನ್ನಾಗ ಪಾಸಾಗ್ತದ್ರೀ ಸರ" ಅನ್ನುತ್ತಾಳೆ. ನಿಜವೇ, ಕಣ್ಣಾರೆ ನೋಡಿದೆ. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ. ಹಾಗಾದರೆ ಬದಲಾದದ್ದೇನು?

ಮೊದಲ ಅನುಮಾನ ಗಡಿಯಾರದ ಮೇಲೆ. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಸರ್ವರುಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುತ್ತವೆ. ಮಧ್ಯರಾತ್ರಿಯಿಂದ ಬೆಳಗಿನ 5.30ರವರೆಗೆ ಹೈದರಾಬಾದಿನಲ್ಲಿ ಇವತ್ತು, ಸರ್ವರಿನಲ್ಲಿ ಇನ್ನೂ ನಿನ್ನೆ. ಭಾರತದ ತಾರೀಖನ್ನು ನೆಚ್ಚಿದ ಟೆಸ್ಟು ಹಗಲೆಲ್ಲ ಪಾಸಾಗಿ ಆ ಹೊತ್ತಿನಲ್ಲಿ ಮಾತ್ರ ಬೀಳುತ್ತದೆ. ಟೆಸ್ಟು ನಿಜವಾದ ಗಡಿಯಾರವನ್ನು ಕೇಳಲೇಬಾರದು. ಗೊತ್ತುಮಾಡಿದ ಒಂದು ಸಮಯವನ್ನು ನಾವೇ ಅದಕ್ಕೆ ಕೊಡಬೇಕು.

ಬಿದ್ದ ಟೆಸ್ಟನ್ನು ಮತ್ತೆ ಓಡಿಸಿ, ಹಸಿರು ಬಂದೊಡನೆ ಮುಂದೆ ಹೋಗುವ ರೂಢಿ ಮಾತ್ರ ನನಗೆ ಅರ್ಥವೇ ಆಗುವುದಿಲ್ಲ. ತನ್ನ ಟೆಸ್ಟುಗಳಲ್ಲಿ ಸುಮಾರು ಶೇ. 16ರಷ್ಟು ಹೀಗೆ ಒಮ್ಮೆ ಪಾಸಾಗಿ ಒಮ್ಮೆ ಬೀಳುವ ಚಂಚಲ ಟೆಸ್ಟುಗಳೆಂದು ಗೂಗಲ್ 2016ರಲ್ಲೇ ಹೇಳಿತ್ತು. ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಯೋಜನೆಗಳಲ್ಲಿ ಇಂಥ ಟೆಸ್ಟುಗಳಿಗೆ ಮಾಡಿದ 201 ತಿದ್ದುಪಡಿಗಳನ್ನು ಪರಿಶೀಲಿಸಿದ 2014ರ ಅಧ್ಯಯನಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣ, ಕೆಲಸ ಮುಗಿಯುವ ತನಕ ಸರಿಯಾಗಿ ಕಾಯದಿರುವುದು. 'ಎರಡು ಸೆಕೆಂಡು ನಿಲ್ಲು' ಎಂದು ಬರೆದರೆ ಚುರುಕಾದ ಲ್ಯಾಪ್‌ಟಾಪಿಗೆ ಸಾಕು, ಹೊರೆ ಬಿದ್ದ ಸರ್ವರಿಗೆ ಸಾಲದು. ಉತ್ತರ ಬರುವ ತನಕ ಕಾಯಿ ಎಂದೇ ಬರೆಯಬೇಕು.

ಇನ್ನೊಂದು ಅನುಮಾನ ಫೈಲ್ ಹೆಸರಿನ ಮೇಲೆ. ವಿಂಡೋಸಿಗೆ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಸಾಮಾನ್ಯವಾಗಿ ಇಲ್ಲ, ಲಿನಕ್ಸಿಗೆ ಉಂಟು. ಇದು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಕನ್ನಡದ್ದು. 'ಕೊಡಗು' ಎಂಬ ಫೈಲ್ ಹೆಸರು ನೋಡಿ. ಅದರ ಒಕಾರದ ಚಿಹ್ನೆ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಇಂಥ ಚಿಹ್ನೆಯನ್ನು ಎರಡಾಗಿ ಒಡೆದು ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಹೀಗಾಗಿ ಎದುರಿಗೇ ಇರುವ ಫೈಲನ್ನು ಟೆಸ್ಟು ಇಲ್ಲ ಎನ್ನುತ್ತದೆ. ಹೋಲಿಸುವ ಮೊದಲು ಎರಡೂ ಹೆಸರನ್ನು ಚಿಹ್ನೆಗಳು ಒಂದಾಗಿ ಕೂಡಿರುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಮುಗಿಯಿತು, ಒಂದು ಸಾಲಿನ ಕೆಲಸ. ಆದರೆ ಟೆಸ್ಟಿನ ಹೆಸರುಗಳೆಲ್ಲ ಇಂಗ್ಲಿಷಿನಲ್ಲೇ ಇದ್ದರೆ ಈ ದೋಷ ಕಾಣುವುದು ಬಳಕೆದಾರನಿಗೆ ಮಾತ್ರ.

ಕನ್ನಡದ ಆ್ಯಪ್ ಕಟ್ಟುವವರಲ್ಲಿ ಕೇಳಿಕೊಳ್ಳುವುದಿಷ್ಟೆ: ನಿಮ್ಮ ಟೆಸ್ಟುಗಳಲ್ಲಿ ಕೊಡಗು, ಕೋಲಾರ, ಬೀದರ್ ಇರಲಿ, ಎರಡೂ ರೂಪದಲ್ಲಿ ಇರಲಿ.