ಲೇಪವೂ ಬೆಂಕಿಯೂ

ಹಿತ್ತಾಳೆಯ ಪಾತ್ರೆಗಳು ಅಡಿಗೆಮನೆಯನ್ನಾಳುತ್ತಿದ್ದ ಕಾಲದಲ್ಲಿ ತುಮಕೂರಿನ ಉಪ್ಪಾರಹಳ್ಳಿಯಂತಹ ಕೇರಿಗಳಿಗೆ ಕಲಾಯಿಯವನ ಬರವು ಬೇಕಾದುದಾಗಿತ್ತು. ಕಲಾಯಿ ಸವೆದ ಪಾತ್ರೆಯಲ್ಲಿ ಹುಣಿಸೆಯ ಹುಳಿ ನಿಂತರೆ ಕಿಲುಬೇರಿ ಉಂಡವರಿಗೆ ವಾಂತಿಯಾಗುವುದೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅವನು ನೆಲದಲ್ಲಿ ಕುಳಿ ತೋಡಿ, ತಿದಿಯೊತ್ತಿ, ಪಾತ್ರೆಯನ್ನು ಕಾಸಿ, ನವಸಾಗರದ ಪುಡಿಯನ್ನೆರಚಿ, ತವರವನ್ನು ತಾಕಿಸಿ ಬಟ್ಟೆಯಿಂದುಜ್ಜಿದನೆಂದರೆ ಒಳಮೈ ಬೆಳ್ಳಿಯಂತಾಗುತ್ತಿತ್ತು. (ಹೆಸರಿನಲ್ಲಿಯೇ ಉಪ್ಪನ್ನುಳ್ಳ ಊರಿಗೆ ಬಂದ ಆ ನವಸಾಗರವೂ ಒಂದು ಲವಣವೇ ಸರಿ, ಲೋಹದ ಮೇಲಿನ ಮಾಸಲನ್ನು ಕಳೆಯುವುದು ಅದರ ಕೆಲಸ.)

ತವರವು ಅಲ್ಲಿ ಬಣ್ಣದಂತೆ ಮೇಲೆ ಕುಳಿತಿರುವುದೆಂದು ತೋರುವುದಾದರೂ ನಿಜಸ್ಥಿತಿ ಬೇರೆ. 232 ಡಿಗ್ರಿ ಕಾವಿನಲ್ಲಿ ಕರಗಿದ ತವರವು ಹಿತ್ತಾಳೆಯೊಳಗಿನ ತಾಮ್ರವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ತಾಮ್ರದ 6 ಪರಮಾಣುಗಳಿಗೆ ತವರದ 5ರಂತೆ ಕೂಡಿದ ಹೊಸದೊಂದು ವಸ್ತು ನಡುವೆ ಹುಟ್ಟುತ್ತದೆ. ಅಕಾರವೂ ಇಕಾರವೂ ಕೂಡಿದಲ್ಲಿ ಎರಡೂ ಉಳಿಯದೆ ಏಕಾರವು ಬರುವ ಗುಣಸಂಧಿಯಂತೆಯೇ ಇದು. ಕಾವು ಸಾಲದಿದ್ದರೆ ತವರವು ಹನಿಗೂಡಿ ಉರುಳಿಹೋಗುವುದು. ಮೀರಿದರೆ ಕಪ್ಪಾಗಿ ಸುಟ್ಟುಹೋಗುವುದು.

ಇದೇ ಜಿಲ್ಲೆಯ ಉತ್ತರದ ತುದಿಯಲ್ಲಿ, ಪಾವಗಡದ ತಿರುಮಣಿಯ ಸುತ್ತ, ಸುಮಾರು 13,000 ಎಕರೆಯ ಒಣಭೂಮಿಯಲ್ಲಿ 2018ರಿಂದ ಸೌರವಿದ್ಯುತ್ತು ಹುಟ್ಟುತ್ತಿದೆ. ಅದರ ಶಕ್ತಿ 2,050 ಮೆಗಾವಾಟ್. ರೈತರು ಗುತ್ತಿಗೆಗೆ ಕೊಟ್ಟ ಹೊಲಗಳವು. ಇಂತಹ ಫಲಕಗಳಲ್ಲಿ ಸಾಮಾನ್ಯವಾದುದು ಸಿಲಿಕಾನ್. ತಾಮ್ರದಂತೆ ವಿದ್ಯುತ್ತನ್ನು ಧಾರಾಳವಾಗಿ ಬಿಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ ಇರುವ ಅರೆವಾಹಕವದು. ಅದರಲ್ಲಿ ಹುಟ್ಟಿದ ವಿದ್ಯುತ್ತನ್ನು ಹೊರಕ್ಕೆ ತರಬೇಕಾದರೆ ಲೋಹದ ಲೇಪ ಬೇಕು, ಲೇಪವು ಹಿಡಿಯಬೇಕಾದರೆ ಬೆಂಕಿ ಬೇಕು.

ಬಹುಕಾಲದಿಂದ ರೂಢಿಯಲ್ಲಿರುವ ಬಗೆಯಲ್ಲಿ ಬಿಲ್ಲೆಯ ಬೆನ್ನಿಗೆ ಅಲ್ಯೂಮಿನಿಯಮನ್ನು ಬಳಿದು ಕುಲುಮೆಯೊಳಗೆ ಹಾಯಿಸುತ್ತಾರೆ. ಒಂಟಿಯಾಗಿ ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿಯೂ ಸಿಲಿಕಾನ್ 1,414 ಡಿಗ್ರಿಯಲ್ಲಿಯೂ ಕರಗತಕ್ಕವು; ಕೂಡಿದ ಮಿಶ್ರಣವಾದರೋ 577 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯಬಲ್ಲದು! ಕರಗಿದ ಸಿಲಿಕಾನ್ ತಣಿಯುವಾಗ ಸ್ವಸ್ಥಾನಕ್ಕೆ ಮರಳುತ್ತದೆ. ಆದರೆ ಬರುವಾಗ ಕೊಂಚ ಅಲ್ಯೂಮಿನಿಯಮನ್ನೂ ಒಡಗೊಂಡು ಬರುತ್ತದೆ. ಆ ಪದರವೇ ದಾರಿತಪ್ಪಿದ ವಿದ್ಯುತ್ಕಣಗಳನ್ನು ಹಿಂದಕ್ಕಟ್ಟುವುದು. ಮುಂಬದಿಯ ಬೆಳ್ಳಿಯ ಗೆರೆಗಳ ಸಂಗತಿ ಹೆಚ್ಚು ಸೂಕ್ಷ್ಮ. ಅಲ್ಲಿ ವಿದ್ಯುತ್ತು ಹುಟ್ಟುವ ಸಂಧಿಯು ಮೇಲ್ಮೈಯಿಂದ ಒಂದು ಮೈಕ್ರಾನಿಗಿಂತಲೂ ಕಡಮೆ ಆಳದಲ್ಲಿರುತ್ತದೆ. ಸುಮಾರು 800 ಡಿಗ್ರಿಯ ಕಾವು ಕೆಲವೇ ಸೆಕೆಂಡು ತಗುಲಬೇಕು. ಸಾಲದಾದರೆ ಬೆಳ್ಳಿಯು ಸಿಲಿಕಾನನ್ನು ಮುಟ್ಟದು. ಹೆಚ್ಚಾದರೆ ಸಂಧಿಯನ್ನೇ ಭೇದಿಸಿ, ವಿದ್ಯುತ್ತು ಒಳಗೊಳಗೇ ಸೋರಿಹೋಗುವುದು.

ಗಣಕಯಂತ್ರದ ಚಿಪ್ಪುಗಳಲ್ಲಿಯೂ ಇದೇ ತೊಡಕಿತ್ತು. 450 ಡಿಗ್ರಿಯ ಕಾವಿನಲ್ಲಿಯೇ, ಏನೂ ಕರಗಿ ನೀರಾಗದೆಯೇ, ಸಿಲಿಕಾನ್ ಅಲ್ಯೂಮಿನಿಯಮಿನೊಳಕ್ಕೆ ಸೇರಿಹೋಗಿ, ಬಿಟ್ಟ ಕುಳಿಗಳಲ್ಲಿ ಲೋಹವು ಮುಳ್ಳಿನಂತೆ ಇಳಿಯುತ್ತಿತ್ತು. ಅಲ್ಯೂಮಿನಿಯಮಿಗೆ ಮೊದಲೇ ನೂರಕ್ಕೆ 1ರಷ್ಟು ಸಿಲಿಕಾನನ್ನು ಬೆರೆಸುವುದು ಆಗ ಕಂಡುಕೊಂಡ ಉಪಾಯ. ಹಸಿದವನಿಗೆ ಮುಂಚೆಯೇ ಉಣಿಸಿ ಕೂರಿಸಿದರೆ ಪರರ ಅಟ್ಟಕ್ಕೆ ಕೈಯಿಕ್ಕನಷ್ಟೆ.

ಪಾತ್ರೆಗೆ ಮತ್ತೆ ಮತ್ತೆ ಕಲಾಯಿ ಹಾಕಿಸಬಹುದಾಗಿತ್ತು. ಫಲಕಕ್ಕೆ ಆ ಭಾಗ್ಯವಿಲ್ಲ. ಒಮ್ಮೆ ಬೆಸೆದ ಲೋಹವನ್ನೂ ಸಿಲಿಕಾನನ್ನೂ ಬೇರ್ಪಡಿಸಲು ಆಮ್ಲಕ್ಷಾರಗಳೇ ಬೇಕಾಗುತ್ತವೆ. 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಫಲಕಗಳನ್ನು 2034-35ರವರೆಗೆ ಕೂಡಿಟ್ಟುಕೊಂಡಿರಬೇಕೆಂದು ತಯಾರಕರಿಗೆ ವಿಧಿಸಿವೆ.